ಎಚ್ಚರಿಕೆ ಕೊಟ್ಟಿಗೆಯವರೆಗೂ ಬರಲಿ

‘ಪರೀಕ್ಷೆಗೊಳಪಟ್ಟ ಔಷಧ, ಆದುದರಿಂದ ನಿರಪಾಯ’ ಎಂಬುದು ಅರ್ಧಸತ್ಯ. ಪರೀಕ್ಷೆಯು ಔಷಧಕ್ಕೆ ಅನುಮತಿಯನ್ನಷ್ಟೇ ಅಲ್ಲ, ಮಿತಿಯನ್ನೂ ವಿಧಿಸುತ್ತದೆ. ಅನುಮತಿಯನ್ನು ಸಾರಿ ಮಿತಿಯನ್ನು ಮುಚ್ಚಿಡುವುದು ರೈತನಿಗೆ ಬಗೆಯುವ ದ್ರೋಹ.

ಗರ್ಭಿಣಿಯರು ಸೇವಿಸಿದ ಥಾಲಿಡೊಮೈಡ್ ಸಾವಿರಾರು ಶಿಶುಗಳನ್ನು ಊನಗೊಳಿಸಿದ್ದು 1961ರಲ್ಲಿ ಬಯಲಾಯಿತು. ಇಲಿಗಳಲ್ಲಿ ಸುಲಭವಾಗಿ ಕಾಣದ ಹಾನಿ ಮೊಲಗಳಲ್ಲಿ ಕಂಡಿತು. ಒಂದು ಪ್ರಾಣಿಯ ಮೌನವನ್ನು ನಂಬಬಾರದೆಂಬುದು ಆ ದುರಂತದ ಪಾಠ.

ದನಕರುಗಳ ಜಂತುಹುಳುವಿಗೆ ಕುಡಿಸುವ ಅಲ್ಬೆಂಡಜೋಲ್ ಇಲಿ, ಮೊಲಗಳೆರಡರಲ್ಲಿಯೂ ಭ್ರೂಣಕ್ಕೆ ಹಾನಿಕರವೆಂದು ಸಾಬೀತಾಗಿದೆ. ಅದು ಟ್ಯುಬುಲಿನ್ ಎಂಬ ಪ್ರೋಟೀನಿಗೆ ಅಂಟಿಕೊಂಡು ಹುಳುವನ್ನು ಕೊಲ್ಲುತ್ತದೆ. ಜೀವಕೋಶ ಒಡೆದು ಎರಡಾಗುವಾಗ ವರ್ಣತಂತುಗಳನ್ನು ಸರಿಯಾಗಿ ಹಂಚುವುದಕ್ಕೂ ಇದೇ ಪ್ರೋಟೀನು ಬೇಕು. ಭ್ರೂಣವಾದರೋ ಎಡೆಬಿಡದೆ ವಿಭಜನೆಗೊಳ್ಳುವ ಕೋಶಗಳ ಸಮೂಹ. ಗಬ್ಬದ ಇಲಿಗಳಿಗೆ ಪ್ರತಿ ಕಿಲೋ ತೂಕಕ್ಕೆ 10 ಮಿಲಿಗ್ರಾಂನಂತೆ ದಿನವೂ ಕೊಟ್ಟಾಗ ಮರಿಗಳ ಮೂಳೆಗಳು ವಿಕಾರಗೊಂಡವು. ಹಸುವಿಗೆ ಕೊಡುವುದೂ ಕಿಲೋಗೆ 10 ಮಿಲಿಗ್ರಾಂ. ಆದರೆ ಒಂದೇ ಬಾರಿ. ಇಲಿಯ ಫಲಿತಾಂಶವನ್ನು ಹಸುವಿಗೆ ಹಾಗೆಯೇ ಹೊರಿಸಲಾಗದು, ನಿಜ. ಆದರೂ ಅಮೆರಿಕದಲ್ಲಿ ಮಾರಾಟವಾಗುವ ಈ ಔಷಧದ ಚೀಟಿಯೇ ಗರ್ಭದ ಮೊದಲ 45 ದಿನ ಹಸುವಿಗೆ ಕೊಡಕೂಡದೆನ್ನುತ್ತದೆ. ಹೋರಿಯನ್ನು ಹಿಂಡಿನಿಂದ ಬೇರ್ಪಡಿಸಿದ ಬಳಿಕವೂ 45 ದಿನ ಕಾಯಬೇಕೆನ್ನುತ್ತದೆ.

ಮಲೆನಾಡಿನ ಬೆಟ್ಟ, ಬ್ಯಾಣಗಳಲ್ಲಿ ಹೋರಿಯೊಡನೆ ಮೇಯುವ ದನಕ್ಕೆ ಗರ್ಭ ನಿಂತ ದಿನವನ್ನು ಬರೆದಿಡುವವರಾರು? ಮೊದಲ ತಿಂಗಳ ಗಬ್ಬ ಬರಿಗಣ್ಣಿಗೆ ಕಾಣದು. ಅಲ್ಲಿ ವಿಚಾರಿಸದೆ ಔಷಧ ಕುಡಿಸಿದರೆ, ಕಳೆದುಹೋದ ಕರುವಿನ ಲೆಕ್ಕ ಯಾವ ಕಡತಕ್ಕೂ ಸೇರದು. ಹಸು ಮತ್ತೆ ಬೆದೆಗೆ ಬಂದಾಗ ‘ಗಬ್ಬ ನಿಲ್ಲಲಿಲ್ಲ’ ಎಂದು ರೈತ ತನ್ನ ಹಣೆಬರಹವನ್ನೇ ಹಳಿದುಕೊಳ್ಳುತ್ತಾನೆ.

ಇದು ಜಂತುನಾಶಕವನ್ನು ತೊರೆಯಬೇಕೆಂಬ ವಾದವಲ್ಲ. ಹುಳು ತುಂಬಿದ ದನ ಬಡವಾಗುತ್ತದೆ, ಹಾಲು ಇಳಿಯುತ್ತದೆ. ಗಬ್ಬದ ಹಸುವಿಗೂ ಕೊಡಬಹುದಾದ ಫೆನ್‌ಬೆಂಡಜೋಲ್ ಇದೆ. ಬೇಕಾದುದು ಆಯ್ಕೆಯ ವಿವೇಕ.

ಆದುದರಿಂದ ಪ್ರತಿ ಶಿಬಿರದಲ್ಲಿಯೂ ಔಷಧಕ್ಕೆ ಮೊದಲು ಗಬ್ಬದ ವಿಚಾರಣೆ ನಡೆಯಲಿ. ಸಂಶಯವಿದ್ದಲ್ಲಿ ಅಲ್ಬೆಂಡಜೋಲ್ ಬೇಡ. ಎಚ್ಚರಿಕೆ ಕನ್ನಡದಲ್ಲಿ, ದೊಡ್ಡ ಅಕ್ಷರಗಳಲ್ಲಿ ಬಾಟಲಿಯ ಮೇಲಿರಲಿ. ಓದುಬಲ್ಲ ವಿದ್ಯಾರ್ಥಿಗಳು ಅದನ್ನು ಮನೆಮನೆಗೆ ತಿಳಿಸಲಿ. ಪ್ರಯೋಗಶಾಲೆಯ ಮೂಕಪ್ರಾಣಿಗಳು ಜೀವ ತೆತ್ತು ಕೊಟ್ಟ ಎಚ್ಚರಿಕೆಯನ್ನು ಕಸದ ಬುಟ್ಟಿಗೆ ಹಾಕುವ ಹಕ್ಕು ಯಾರಿಗೂ ಇಲ್ಲ.