ಹಿಡಿಯುವ ಹದ, ಬಿಡುವ ಹದ

ನಿಗ್ರಹವೆಂಬ ಮಾತು ಕಿವಿಗೆ ಬಿದ್ದೊಡನೆ ತರುಣರ ಮುಖ ಬಾಡುತ್ತದೆ. ಸ್ವಾತಂತ್ರ್ಯವೆಂಬ ಮಾತು ಕೇಳಿದೊಡನೆ ಹಿರಿಯರ ಹುಬ್ಬು ಗಂಟಿಕ್ಕುತ್ತದೆ. ಇವೆರಡೂ ಒಂದಕ್ಕೊಂದು ಹಗೆಯೆಂದು ಉಭಯ ಪಕ್ಷದವರೂ ನಂಬಿರುವುದೇ ಅನೇಕ ಮನೆಗಳ ಅಶಾಂತಿಗೆ ಮೂಲವಾಗಿದೆ. ಈ ತಿಂಗಳು ಆ ವಿಚಾರವನ್ನು ಶಾಸ್ತ್ರಗ್ರಂಥದಿಂದಲ್ಲ, ಒಂದು ಹಳೆಯ ಮೋಟಾರು ಕಾರಿನ ಒಡಲಿನಿಂದ ಎತ್ತಿಕೊಳ್ಳೋಣ. ಕಾಯಕದಲ್ಲಿಯೇ ಕೈಲಾಸವನ್ನು ಕಂಡ ಶರಣರ ಪರಂಪರೆಗೆ ಕಮ್ಮಟವಾಗಲಿ ಯಂತ್ರವಾಗಲಿ ಪರಕೀಯವಲ್ಲ.

ನಮ್ಮ ಚಾಮರಾಜಪುರಂನ ಬಂಧುಗಳು ರಜೆಯ ದಿನಗಳಲ್ಲಿ ಮಕ್ಕಳನ್ನು ಕರೆದುಕೊಂಡು ಶ್ರೀರಂಗಪಟ್ಟಣದ ಬಳಿಯ ‘ಪಯಣ’ ಸಂಗ್ರಹಾಲಯಕ್ಕೆ ಹೋಗಿಬರುವುದುಂಟು. ಧರ್ಮಸ್ಥಳದ ಧರ್ಮಾಧಿಕಾರಿ ಡಾ. ಡಿ. ವೀರೇಂದ್ರ ಹೆಗ್ಗಡೆಯವರು ಕಾಪಾಡಿಕೊಂಡು ಬಂದ ಹಳೆಯ ವಾಹನಗಳು ಅಲ್ಲಿವೆ. ಮಕ್ಕಳು ಬಣ್ಣವನ್ನೂ ಹಿತ್ತಾಳೆಯ ಹೊಳಪನ್ನೂ ನೋಡಿ ಹರ್ಷಿಸುತ್ತಾರೆ. ಆದರೆ ಅಂದಿನ ಕಾರುಗಳ ನಿಜವಾದ ಪಾಠವು ಹೊಳಪಿನಲ್ಲಿಲ್ಲ, ಒಳಗಿನ ಗಿಯರಿನಲ್ಲಿದೆ. ಇದಕ್ಕೆ ಅಮೆರಿಕದ ಫೋರ್ಡ್ ಮಾಡೆಲ್ ಟಿ ಕಾರಿಗಿಂತ ಉತ್ತಮ ನಿದರ್ಶನ ದೊರೆಯಲಾರದು.

1908ರಲ್ಲಿ ಹುಟ್ಟಿದ ಈ ಕಾರು 1927ರವರೆಗೆ ತಯಾರಾಗಿ, ಒಂದೂವರೆ ಕೋಟಿ ಸಂಖ್ಯೆಯನ್ನು ಮುಟ್ಟಿತು. ಆರಂಭದಲ್ಲಿ 850 ಡಾಲರ್ ಇದ್ದ ಬೆಲೆ ಕಡೆಯ ವರ್ಷಗಳಲ್ಲಿ 300 ಡಾಲರಿಗಿಂತ ಕೆಳಗಿಳಿಯಿತು. ಸಿರಿವಂತರ ಸೊತ್ತಾಗಿದ್ದ ಕಾರು ಒಕ್ಕಲಿಗನ ಅಂಗಳಕ್ಕೆ ಬಂದದ್ದು ಹೀಗೆ. ಇಂದಿಗೂ ಜಗತ್ತಿನ ಅನೇಕ ಕಡೆ ಆಸಕ್ತರು ಅದನ್ನು ದುರಸ್ತಿಗೊಳಿಸಿ ಓಡಿಸುತ್ತಿದ್ದಾರೆ.

ಇಂದಿನ ಕಾರಿನಲ್ಲಿ ಪಳಗಿದವರು ಅದನ್ನೇರಿದರೆ ತಬ್ಬಿಬ್ಬಾಗುವುದು ಖಂಡಿತ. ಪೆಡಲುಗಳು ಮೂರೇನೋ ಇವೆ. ಆದರೆ ವೇಗ ಹೆಚ್ಚಿಸುವ ಪೆಡಲು ಅಲ್ಲಿಲ್ಲ. ಆ ಕೆಲಸವನ್ನು ಸ್ಟೀಯರಿಂಗಿನ ಕೆಳಗಿನ ಒಂದು ಚಿಕ್ಕ ಹಿಡಿಯಿಂದ ಕೈಯಲ್ಲಿಯೇ ಮಾಡಬೇಕು. ಬಲಗಡೆಯದು ಬ್ರೇಕು, ನಡುವಿನದು ಕಾರನ್ನು ಹಿಂದಕ್ಕೆ ನಡೆಸುವಂಥದು. ಎಡಗಡೆಯದೇ ವಿಶೇಷ: ಅದನ್ನು ಪೂರ್ತಿ ಒತ್ತಿದರೆ ಕಾರು ನಿಧಾನವಾಗಿ, ಬಲವಾಗಿ ಮುಂದೆ ಸಾಗುತ್ತದೆ, ಅರ್ಧ ಒತ್ತಿ ಹಿಡಿದರೆ ಎಂಜಿನ್ ತಿರುಗುತ್ತಿದ್ದರೂ ಕಾರು ನಿಂತಿರುತ್ತದೆ, ಕೈಬ್ರೇಕಿನ ಸನ್ನೆಯನ್ನು ಮುಂದಕ್ಕೆ ಸರಿಸಿ ಪೆಡಲಿನಿಂದ ಕಾಲು ತೆಗೆದರೆ ಕಾರು ವೇಗವಾಗಿ ಓಡುತ್ತದೆ.

ಇದರ ಮರ್ಮವೇನು? ಸೂರ್ಯನ ಸುತ್ತ ಗ್ರಹಗಳು ಸುತ್ತುವಂತೆ, ನಡುವಿನ ಗಿಯರುಗಳ ಸುತ್ತ ಮೂರು ಜೊತೆ ಗಿಯರುಗಳು ಸುತ್ತುತ್ತವೆ. ಆದುದರಿಂದಲೇ ಇದಕ್ಕೆ ಗ್ರಹಗಳ ಹೆಸರು ಬಂದಿದೆ. ಅವುಗಳ ಹಲ್ಲುಗಳು ಸದಾ ಒಂದರೊಳಗೊಂದು ಕೂಡಿಯೇ ಇರುವುದರಿಂದ, ಗಿಯರು ಬದಲಿಸುವಾಗ ಕಿರಗುಟ್ಟುವ ಪ್ರಮೇಯವೇ ಇಲ್ಲ. ಈ ಗಿಯರುಗಳಿಗೆ ಹೊಂದಿಕೊಂಡು ತಿರುಗುವ ಉರುಳೆಗಳಿವೆ; ಪ್ರತಿ ಉರುಳೆಯ ಸುತ್ತ, ಒಳಮೈಗೆ ಹತ್ತಿಯ ನೇಯ್ಗೆ ಹೊದಿಸಿದ ಉಕ್ಕಿನ ಪಟ್ಟಿಯಿದೆ. ಯಾವ ಉರುಳೆಯನ್ನೂ ಹಿಡಿಯದಿದ್ದಾಗ ಎಲ್ಲವೂ ವ್ಯರ್ಥವಾಗಿ ತಿರುಗುತ್ತವೆ, ಕಾರು ಕದಲುವುದಿಲ್ಲ. ಎಡ ಪೆಡಲನ್ನು ಒತ್ತಿದಾಗ ಪಟ್ಟಿಯು ಬಿಗಿದು ಒಂದು ಉರುಳೆಯನ್ನು ನಿಲ್ಲಿಸುತ್ತದೆ. ಆ ಒಂದು ನಿಂತೊಡನೆಯೇ ಉಳಿದುದೆಲ್ಲ ಅದನ್ನು ಆಸರೆಯಾಗಿಸಿಕೊಂಡು ಕಾರನ್ನು ಮುಂದೆ ತಳ್ಳುತ್ತದೆ. ಎಂಜಿನ್ 2.75 ಸುತ್ತು ತಿರುಗಿದಾಗ ಹಿಂದಿನ ಚಕ್ರಗಳತ್ತ ಹೋಗುವ ದಂಡವು ಒಂದು ಸುತ್ತು ತಿರುಗುತ್ತದೆ. ವೇಗ ತಗ್ಗಿ ಬಲ ಹೆಚ್ಚುತ್ತದೆ. ನಿಂತದ್ದರ ಆಸರೆಯಿಂದಲೇ ಚಲನೆ ಹುಟ್ಟುತ್ತದೆ.

ನಿಗ್ರಹದ ಅರ್ಥವೂ ಇಷ್ಟೇ. ಯಾವುದನ್ನೂ ಹಿಡಿಯದ ಮನಸ್ಸು ದಿನವಿಡೀ ತಿರುಗಿ ತಿರುಗಿ ಸಂಜೆಗೆ ಇದ್ದಲ್ಲಿಯೇ ಇರುತ್ತದೆ. ಸುತ್ತೂರಿನ ಡಾ. ಶಿವರಾತ್ರಿ ರಾಜೇಂದ್ರ ಮಹಾಸ್ವಾಮಿಗಳು 1954ರಲ್ಲಿ ಜೆಎಸ್‌ಎಸ್ ಮಹಾವಿದ್ಯಾಪೀಠವನ್ನು ಸ್ಥಾಪಿಸಿದ ಕಾಲದಲ್ಲಿ ಹಳ್ಳಿಯ ಮಕ್ಕಳಿಗೆ ವಿದ್ಯೆಯ ದಾರಿ ಏರುದಾರಿಯೇ ಆಗಿತ್ತು. ಮಠಗಳ ಪ್ರಸಾದನಿಲಯಗಳಲ್ಲಿ ಬೆಳಗಿನ ಜಾವ ಏಳುವ, ಪೂಜೆ ಮಾಡುವ, ಸಾಲಿನಲ್ಲಿ ಕುಳಿತು ಉಣ್ಣುವ ನಿಯಮಗಳು ಆ ಏರಿಗೆ ಬೇಕಾದ ಬಲವನ್ನು ಕೊಟ್ಟವು.

ಆದರೆ ಪಾಠ ಇಲ್ಲಿಗೇ ಮುಗಿಯಲಿಲ್ಲ. ಏರು ಮುಗಿದ ಮೇಲೆಯೂ ಚಾಲಕನು ಪೆಡಲನ್ನು ಒತ್ತಿಯೇ ನಡೆದರೆ ಎಂಜಿನ್ ಬಳಲುತ್ತದೆ. ಪಟ್ಟಿಯ ಹಿಡಿತ ಸಡಿಲಿ ಜಾರತೊಡಗಿದರೆ ಅದು ಕಾದು ಕರಕಾಗುತ್ತದೆ. ಎಂಜಿನ್ನಿಗೂ ಗಿಯರಿಗೂ ಒಂದೇ ಎಣ್ಣೆಯಾದುದರಿಂದ, ಸವೆದ ಪಟ್ಟಿಯ ಹತ್ತಿಯೆಳೆಗಳು ಅದರಲ್ಲಿ ಬೆರೆತು, ಎಂಜಿನ್ನಿನ ಮುಂಭಾಗಕ್ಕೆ ಎಣ್ಣೆ ಒಯ್ಯುವ ನಾಳವನ್ನೇ ಮುಚ್ಚಿಬಿಡುವ ಅಪಾಯವಿದೆ. ಹಳೆಯ ಮಾಡೆಲ್ ಟಿಯನ್ನು ದುರಸ್ತಿ ಮಾಡುವವರು ಪಟ್ಟಿಗಳನ್ನೂ ಆ ನಾಳವನ್ನೂ ತಪ್ಪದೆ ಪರೀಕ್ಷಿಸುವುದು ಇದರಿಂದಲೇ.

ಹಿರಿಯರಾದ ನಾವು ಈ ಮಾತನ್ನು ಮನಸ್ಸಿಗೆ ತಂದುಕೊಳ್ಳಬೇಕು. ಪದವಿ ಮುಗಿಸಿ ಕೆಲಸಕ್ಕೆ ಸೇರಿದ ಮಗನ ಪ್ರತಿಯೊಂದು ಖರ್ಚಿಗೂ ಲೆಕ್ಕ ಕೇಳುವ ತಂದೆ, ಓದಿದ ಮಗಳನ್ನು ಹೊರಗಿನ ಊರಿಗೆ ಕಳುಹಿಸಲು ಹೆದರುವ ತಾಯಿ, ಸೊಸೆಯ ಕೈಗೆ ಅಡುಗೆಮನೆಯ ಡಬ್ಬಿಗಳನ್ನೂ ಒಪ್ಪಿಸದ ಅತ್ತೆ, ಇವರೆಲ್ಲ ಸಮತಟ್ಟು ದಾರಿಯಲ್ಲಿ ಕೆಳಗಿನ ಗಿಯರನ್ನೇ ಒತ್ತಿ ಹಿಡಿದವರು. ಅವರ ಹಿಡಿತ ಪ್ರೀತಿಯಿಂದಲೇ ಹುಟ್ಟಿದ್ದು, ಸಂದೇಹವಿಲ್ಲ. ಆದರೆ ಸವೆದ ಹಿಡಿತದ ಎಳೆಗಳು ಮನೆಯ ಸ್ನೇಹದ ನಾಳವನ್ನು ಮುಚ್ಚುತ್ತವೆ. ಆಗ ಮಾತು ನಿಲ್ಲುತ್ತದೆ. ಒಂದೇ ಸೂರಿನಡಿ ಇದ್ದವರು ಅಪರಿಚಿತರಾಗುತ್ತಾರೆ.

ಕಾಲು ತೆಗೆದಾಗ ಆ ಕಾರಿನಲ್ಲಿ ಏನಾಗುತ್ತದೆಂಬುದನ್ನು ಗಮನಿಸಿ. ಕ್ಲಚ್ಚು ಎಲ್ಲವನ್ನೂ ಒಟ್ಟಿಗೆ ಬೆಸೆಯುತ್ತದೆ. ಗಿಯರುಗಳು ಒಂದರ ಮೇಲೊಂದು ಉರುಳುವುದನ್ನು ಬಿಟ್ಟು, ಎಂಜಿನ್ನಿನೊಡನೆ ಏಕವಾಗಿ ತಿರುಗುತ್ತವೆ. ಬಿಟ್ಟದ್ದರಿಂದ ಸಂಬಂಧ ಕಡಿಯಲಿಲ್ಲ, ಗಟ್ಟಿಯಾಯಿತು. ಶರಣರು ಸಾಮರಸ್ಯವೆಂದು ಕರೆದ ಸ್ಥಿತಿಯನ್ನು ಸಂಸಾರದ ಮಟ್ಟದಲ್ಲಿ ತಿಳಿಯಲು ಇದಕ್ಕಿಂತ ಸುಲಭವಾದ ಉಪಮೆ ಬೇಕೆ?

ತರುಣರಿಗೂ ಒಂದು ಮಾತು. ಆ ಕಾರು ನಿಂತಲ್ಲಿಂದಲೇ ಮೇಲಿನ ಗಿಯರಿಗೆ ಹಾರುವುದಿಲ್ಲ. ಮೊದಲು ಹಿಡಿತದ ಆಸರೆಯಲ್ಲಿ ಹೊರಟು, ವೇಗ ಪಡೆದ ಬಳಿಕವೇ ಬಿಡುಗಡೆ. ಎಳವೆಯ ನೇಮವನ್ನು ಸೆರೆಯೆಂದು ಬಗೆಯದಿರಿ. ಹಿರಿಯರೇ, ಮಕ್ಕಳು ವೇಗ ಪಡೆದದ್ದನ್ನು ಕಂಡಾಗ ಕಾಲು ತೆಗೆಯಲು ಅಂಜದಿರಿ. ಹಿಡಿಯುವ ಹದವನ್ನು ಬಲ್ಲ ಮನೆಗಳು ಬಹಳ. ಬಿಡುವ ಹದವನ್ನೂ ಬಲ್ಲ ಮನೆಯೇ ಮಹಾಮನೆ.