ಮೇಜಿನ ಮೇಲಣ ಅಂತಸ್ತುಗಳು

ಆಟಗಾರರು ಒಂದೊಂದು ಪಾತ್ರವನ್ನು ವಹಿಸಿಕೊಂಡು ಮಾತಿನಲ್ಲಿಯೇ ಕಥೆಯನ್ನು ಬೆಳೆಸುತ್ತ ಹೋಗುವ ಆಟವೊಂದು ಅಮೆರಿಕೆಯಲ್ಲಿ 1974ರಲ್ಲಿ ಅಚ್ಚಾಗಿ ಹೊರಬಂದಿತು. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರು ರೂಪಿಸಿದ ಈ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಆಟಕ್ಕೆ ಮೂರು ಕಿರುಹೊತ್ತಿಗೆಗಳು, ಕಾಗದ, ಪೆನ್ಸಿಲು, ದಾಳಗಳು ಇಷ್ಟಿದ್ದರೆ ಸಾಕಾಗಿತ್ತು. ಒಬ್ಬನು ಸೂತ್ರಧಾರನಾಗಿ ಸನ್ನಿವೇಶವನ್ನು ವರ್ಣಿಸುತ್ತಾನೆ. ಉಳಿದವರು ವೀರನೋ ಮಾಂತ್ರಿಕನೋ ಕಳ್ಳನೋ ಆಗಿ ತಾವೇನು ಮಾಡುವೆವೆಂಬುದನ್ನು ತಿಳಿಸುತ್ತಾರೆ. ಇಂದು ಅದೇ ಆಟದ ಮೇಜಿನ ಮೇಲೆ ಮೂರಂತಸ್ತಿನ ಗೋಪುರಗಳೂ ಪಾಳುಬಿದ್ದ ಕೋಟೆಗಳೂ ತೂಗುಸೇತುವೆಗಳೂ ಎದ್ದು ನಿಂತಿವೆ. ಅವುಗಳನ್ನು ಕಟ್ಟುವುದೇ ಒಂದು ಪ್ರತ್ಯೇಕ ಕಲೆಯಾಗಿದೆ. ಇದರಿಂದ ಆಟಕ್ಕೆ ಲಾಭವಾಯಿತೋ ನಷ್ಟವಾಯಿತೋ ಎಂಬುದು ವಿಚಾರಾರ್ಹವಾದ ಪ್ರಶ್ನೆ. ಗಣಿತ, ಭೂಗೋಳ, ಕೈಗೆಲಸ ಮೂರೂ ಒಂದೆಡೆ ಕೂಡುವ ಈ ವಿಷಯ ಶಿಕ್ಷಕವರ್ಗಕ್ಕೆ ಅಪ್ರಸ್ತುತವೇನಲ್ಲ.

ಪ್ರಶ್ನೆ ಹಳೆಯದೇ. ಪ್ರಶ್ಯ ದೇಶದ ರೈಸ್ವಿಟ್ಸ್ ಎಂಬವನು 1812ರಲ್ಲಿ ದೊರೆ ಮೂರನೆಯ ಫ್ರೆಡರಿಕ್ ವಿಲಿಯಂನಿಗೆ ಯುದ್ಧದಾಟದ ಮೇಜೊಂದನ್ನು ಒಪ್ಪಿಸಿದನು. ಬೆಟ್ಟ, ಹೊಳೆ, ಊರು, ರಸ್ತೆಗಳನ್ನು ಪ್ಲಾಸ್ಟರಿನಲ್ಲಿ ಉಬ್ಬಾಗಿ ಮೂಡಿಸಿ ಬಣ್ಣ ಬಳಿದ ಬಿಲ್ಲೆಗಳು ಅದರಲ್ಲಿದ್ದವು. ಅವುಗಳನ್ನು ಜೋಡಿಸಿದಂತೆಲ್ಲ ಬೇರೊಂದು ನಾಡು. ರಾಜಕುಟುಂಬ ಅದನ್ನು ಮೆಚ್ಚಿ ಆಡಿತು. ಆದರೆ ಆ ಬೆಲೆಬಾಳುವ ಮೇಜು ಅರಮನೆಯ ವಸ್ತುವಾಗಿಯೇ ಉಳಿಯಿತು. ಫಿರಂಗಿ ದಳದ ಅಧಿಕಾರಿಯಾಗಿದ್ದ ಅವನ ಮಗನು 1824ರಲ್ಲಿ ಅದೇ ಆಟವನ್ನು ಕಾಗದದ ನಕ್ಷೆಯ ಮೇಲಕ್ಕೆ ಇಳಿಸಿದಾಗ ಮಾತ್ರ ಅದು ಸೈನ್ಯದಲ್ಲೆಲ್ಲ ಹರಡಿತು. ಆಂಗ್ಲ ಲೇಖಕ ಎಚ್. ಜಿ. ವೆಲ್ಸ್ ಇನ್ನೂ ಸುಲಭದ ಹಾದಿ ಹಿಡಿದನು. 1913ರ ತನ್ನ ‘ಲಿಟಲ್ ವಾರ್ಸ್’ ಪುಸ್ತಕದಲ್ಲಿ ವಿವರಿಸಿದ ಆಟಕ್ಕೆ ಅವನು ಮೊದಮೊದಲು ನೆಲದ ಹಾಸಿನ ಮೇಲೆ ವಿಶ್ವಕೋಶದ ಸಂಪುಟಗಳನ್ನಿಟ್ಟು ಗುಡ್ಡಗಾಡನ್ನು ಸೃಷ್ಟಿಸಿದ್ದನು. ವಿಶ್ವಕೋಶಕ್ಕೆ ಅಂಥ ಉಪಯೋಗವೂ ಉಂಟೆಂಬುದು ಗ್ರಂಥಪಾಲಕರಿಗೆ ಅಷ್ಟಾಗಿ ರುಚಿಸದು.

ಎತ್ತರವೆಂಬುದು ಈ ಆಟದಲ್ಲಿ ಕೇವಲ ಅಲಂಕಾರವಲ್ಲ. ಹತ್ತು ಅಡಿ ಕೆಳಗೆ ಬಿದ್ದರೆ ಆರು ಮುಖದ ಒಂದು ದಾಳವನ್ನು ಉರುಳಿಸಿ ಗಾಯದ ಪ್ರಮಾಣವನ್ನು ನಿರ್ಣಯಿಸಬೇಕು. ಇಪ್ಪತ್ತು ಅಡಿಗೆ ಎರಡು ದಾಳ. ಅಟ್ಟದ ಮೇಲಿನ ಬಿಲ್ಲುಗಾರನಿಗೆ ಬಾಗಿಲ ಮರೆಯವನು ಕಂಡನೋ ಇಲ್ಲವೋ ಎಂಬುದರ ಮೇಲೆ ಒಂದು ಪಾತ್ರದ ಅಳಿವು ಉಳಿವು ನಿಂತಿರುತ್ತದೆ. ಬರಿಯ ಮಾತಿನಲ್ಲಿ ಇದನ್ನು ಬಿಡಿಸಹೊರಟರೆ ವಾದಕ್ಕೆ ಕೊನೆಯಿಲ್ಲ, ಗಟ್ಟಿ ದನಿಯವನೇ ಗೆಲ್ಲುತ್ತಾನೆ. ಕಣ್ಣೆದುರು ಅಂತಸ್ತುಗಳಿದ್ದರೆ ಎಲ್ಲರಿಗಿಂತ ಕಿರಿಯ ಆಟಗಾರನೂ ಬಾಗಿ ನೋಡಿ ತೀರ್ಪು ಹೇಳಬಲ್ಲನು. ಮಾದರಿಗಳ ಪರವಾಗಿ ಹೇಳಬಹುದಾದ ಅತಿ ಪ್ರಬಲವಾದ ಮಾತು ಇದೇ.

ಕಟ್ಟುವ ಕೆಲಸದಲ್ಲಿ ಲೆಕ್ಕ ಬಹಳ. ಸಾಮಾನ್ಯವಾಗಿ ಒಂದು ಅಂಗುಲವನ್ನು ಐದು ಅಡಿಯೆಂದು ಹಿಡಿಯುತ್ತಾರೆ, ಅಂದರೆ ಅರವತ್ತರಲ್ಲೊಂದು ಪಾಲು. ಮನುಷ್ಯಾಕೃತಿಯ ಎತ್ತರ ಸುಮಾರು 28 ಮಿಲಿಮೀಟರು, ಅದರ ಪೀಠದ ಅಗಲ 25. ಈ ಪ್ರಮಾಣದಲ್ಲಿ ಹತ್ತು ಅಂಗುಲ ಅಗಲದ ನಿಜವಾದ ಮೆಟ್ಟಿಲು ನಾಲ್ಕು ಮಿಲಿಮೀಟರಿಗೆ ಕುಗ್ಗುತ್ತದೆ. ಅದರ ಮೇಲೆ 25 ಮಿಲಿಮೀಟರಿನ ಪೀಠ ನಿಲ್ಲುವುದೆಂತು? ಆದಕಾರಣ ಬಲ್ಲವರು ಮೆಟ್ಟಿಲುಗಳಲ್ಲಿ ಪ್ರಮಾಣವನ್ನು ಮುರಿಯುತ್ತಾರೆ. ನಡುನಡುವೆ ಒಂದಂಗುಲದ ಜಗಲಿ ಬಿಡುತ್ತಾರೆ. ಮಹಡಿಯ ವಿಷಯವೂ ಹೀಗೆಯೇ. ಹತ್ತು ಅಡಿಯ ಮಹಡಿಗೆ ಎರಡು ಅಂಗುಲ ಸಾಕು. ಆದರೆ ಎರಡಂಗುಲದ ಸಂದಿಯಲ್ಲಿ ದೊಡ್ಡವರ ಕೈ ಆಡದು. ಮೇಲಂತಸ್ತನ್ನು ಅಂಟಿಸಿಬಿಟ್ಟವನು ಕೆಳಗಿನ ಕೋಣೆಯನ್ನು ಕಳೆದುಕೊಂಡಂತೆಯೇ. ಆದುದರಿಂದ ಪ್ರತಿಯೊಂದು ಅಂತಸ್ತೂ ಪೆಟ್ಟಿಗೆಯ ಮುಚ್ಚಳದಂತೆ ಎತ್ತಿಡಲು ಬರುವಂತಿರಬೇಕು.

ಸಾಮಗ್ರಿ ದುಬಾರಿಯದಲ್ಲ. ಹಳೆಯ ರಟ್ಟು, ಗಟ್ಟಿ ನೊರೆಹಲಗೆ, ಬಿಳಿ ಅಂಟು, ಒಣಕಡ್ಡಿ. ಅರ್ಧ ಅಂಗುಲದ ಪದರಗಳನ್ನು ಒಂದಕ್ಕಿಂತ ಒಂದು ಕಿರಿದಾಗಿ ಕತ್ತರಿಸಿ ಪೇರಿಸಿದರೆ ಗುಡ್ಡ; ಪ್ರತಿ ಪದರ ಎರಡೂವರೆ ಅಡಿ. ಸಮೋನ್ನತಿ ರೇಖೆಗಳ ಪಾಠ ಇದಕ್ಕಿಂತ ಸ್ಪಷ್ಟವಾಗಿ ಕಪ್ಪುಹಲಗೆಯ ಮೇಲೆ ಮೂಡಲಾರದು. ನೊರೆಹಲಗೆಯ ಮೇಲೆ ಮುದುಡಿದ ಅಲ್ಯೂಮಿನಿಯಂ ಹಾಳೆಯನ್ನು ಒತ್ತಿದರೆ ಕಲ್ಲಿನ ಒರಟುತನ ಬರುತ್ತದೆ. ಕಪ್ಪು ಬಳಿದು, ಒಣಗಿದ ಮೇಲೆ ಬೂದುಬಣ್ಣದ ಅರೆಒಣ ಕುಂಚವನ್ನು ಉಬ್ಬುಗಳ ಮೇಲೆ ಹಗುರವಾಗಿ ಸವರಿದರೆ ಗೋಡೆಗೆ ನೂರಾರು ವರ್ಷ ವಯಸ್ಸಾಗುತ್ತದೆ. ಡಬ್ಬಿಯಿಂದ ಸಿಂಪಡಿಸುವ ಬಣ್ಣವನ್ನು ನೇರವಾಗಿ ತಾಗಿಸಿದರೆ ಅದರ ದ್ರಾವಕಕ್ಕೆ ನೊರೆ ಕರಗಿಹೋಗುತ್ತದೆ. ಮೊದಲು ಅಂಟು ಬೆರೆಸಿದ ಬಣ್ಣದ ಹೊದಿಕೆ ಅವಶ್ಯ. ಬಿಸಿತಂತಿಯಿಂದ ಕೊಯ್ಯುವಾಗ ಏಳುವ ಹೊಗೆ ಆರೋಗ್ಯಕ್ಕೆ ಹಾನಿಕರವಾದುದರಿಂದ ಕಿಟಕಿ ತೆರೆದಿರಬೇಕು, ಹಿರಿಯರು ಬಳಿಯಲ್ಲಿರಬೇಕು.

ಇಷ್ಟಾದರೂ ಒಂದು ಅಪಾಯವನ್ನು ಮರೆಮಾಚಲಾಗದು. ಮೂರು ವಾರ ದುಡಿದು ಗೋಪುರ ಕಟ್ಟಿದ ಸೂತ್ರಧಾರನಿಗೆ ಆಟಗಾರರು ಗೋಪುರದ ಗೊಡವೆಯೇ ಬೇಡವೆಂದು ಕಾಡುದಾರಿ ಹಿಡಿದರೆ ಸಹಿಸಲಾಗುವುದಿಲ್ಲ. ಅವನಿಗೇ ಅರಿವಿಲ್ಲದಂತೆ ಕಾಡುದಾರಿಯಲ್ಲಿ ಪ್ರವಾಹ ಬರುತ್ತದೆ, ಸೇತುವೆ ಕುಸಿಯುತ್ತದೆ. ಎಲ್ಲ ದಾರಿಗಳೂ ಗೋಪುರಕ್ಕೇ ಬಂದು ಸೇರುತ್ತವೆ. ಆಟಗಾರನ ಸ್ವಾತಂತ್ರ್ಯವೇ ಈ ಆಟದ ಜೀವ. ಆ ಜೀವವನ್ನೇ ಅದರ ಆಭರಣ ಹಿಂಡಬಾರದು. ಗೋಪುರವೆಂದೇ ಕಟ್ಟಿದ್ದು ಗೋಪುರವಾಗಿಯೇ ಉಳಿಯುತ್ತದೆ. ಹೆಸರಿಲ್ಲದ ಗೋಡೆ, ಹಲಗೆ, ಮೆಟ್ಟಿಲ ತುಂಡುಗಳಾಗಿ ಕಟ್ಟಿದ್ದಾದರೆ ಈ ದಿನದ ಕಾವಲುಗೋಪುರ ನಾಳೆ ಗಿರಣಿಯಾದೀತು, ಹಡಗುಕಟ್ಟೆಯಾದೀತು, ಆಟಗಾರರು ಅನಿರೀಕ್ಷಿತವಾಗಿ ಹೊಕ್ಕ ಹಾಳುಮನೆಯೂ ಆದೀತು.

ಅಚ್ಚಿನಲ್ಲಿ ಎರಕಹೊಯ್ದು ಬಣ್ಣ ಬಳಿದ ಸಿದ್ಧ ತುಂಡುಗಳೂ ದೊರೆಯುತ್ತವೆ. 1996ರಲ್ಲಿ ಆರಂಭವಾದ ಡ್ವಾರ್ವನ್ ಫೋರ್ಜ್ ಸಂಸ್ಥೆ ಇದರಲ್ಲಿ ಹೆಸರಾದುದು. ತ್ರಿಮಿತಿ ಮುದ್ರಣಯಂತ್ರವೂ ಈಗ ಜೊತೆಗೂಡಿದೆ. ಅವು ಸುಂದರವಾಗಿವೆ, ಬಾಳಿಕೆ ಬರುತ್ತವೆ. ಆದರೆ ಕೊಂಡುತಂದ ಕೋಟೆಯನ್ನು ಗರಗಸದಿಂದ ಕೊಯ್ದು ಬಾಗಿಲಿಡುವ ಧೈರ್ಯ ಯಾವ ವಿದ್ಯಾರ್ಥಿಗೂ ಬಾರದು, ಬರಲು ಯಾವ ಮೇಷ್ಟರೂ ಬಿಡಲಾರರು. ಶಾಲೆಯೊಂದರಲ್ಲಿ ಇಂಥ ಕೂಟಕ್ಕೆ ನೆರವಾಗಬಯಸುವ ದಾನಿಗಳು ಕೋಟೆಯನ್ನು ಕೊಡುವುದಕ್ಕಿಂತ ಉಕ್ಕಿನ ಅಳತೆಪಟ್ಟಿ, ಒಳ್ಳೆಯ ಅಲಗುಗಳು, ಗಾಳಿಯಾಡುವ ಒಂದು ಕೋಣೆ ಇವುಗಳನ್ನು ಕೊಡುವುದು ಲೇಸು. ಅದರೊಂದಿಗೆ ಆಳವಾದ ಖಾನೆಗಳುಳ್ಳ ಒಂದು ಬೀರುವೂ ಬೇಕು, ಏಕೆಂದರೆ ಬಿಡಿ ತುಂಡುಗಳು ಒಂದೇ ವರ್ಷದಲ್ಲಿ ಕೋಣೆಯನ್ನೆಲ್ಲ ಆಕ್ರಮಿಸಿಬಿಡುತ್ತವೆ. ರೈಸ್ವಿಟ್ಸನ ಮೇಜಿಗೂ ಖಾನೆಗಳಿದ್ದವು.