ಒಂದು ತೊಟ್ಟಿ, ಎರಡು ಮನೆ

ಅಣ್ಣತಮ್ಮಂದಿರಲ್ಲಿ ಹಿಸ್ಸೆಯಾದಾಗ ಗದ್ದೆಗೆ ಒಂದು ಬದು ಹಾಕಿದರೆ ಬಹುಪಾಲು ಮುಗಿಯಿತು. ತೊಟ್ಟಿಮನೆ ಹಾಗಲ್ಲ. ಸಾಗರ, ಹೊಸನಗರ, ತೀರ್ಥಹಳ್ಳಿಯ ಕಡೆ ಜಗಲಿಯ ನಡುವೆ ಗೋಡೆ ಎದ್ದು, ಒಂದೇ ಮಾಡಿನಡಿ ಎರಡು ಒಲೆ ಉರಿಯುವ ಮನೆಗಳನ್ನು ನೀವೂ ನೋಡಿರುತ್ತೀರಿ. ಹಿರಿಯರು ಅಂಕಣ ಎಣಿಸಿ ಪಾಲು ಮಾಡುತ್ತಾರೆ. ನೀರಿಗೆ, ಗಾಳಿಗೆ ಅಂಕಣದ ಲೆಕ್ಕ ಗೊತ್ತಿಲ್ಲ.

ಇಲ್ಲಿಯ ಹಳೆಯ ಗೋಡೆಗಳು ಮಣ್ಣಿನವು, ಇಲ್ಲವೇ ಜಂಬಿಟ್ಟಿಗೆಯವು. ಜಂಬಿಟ್ಟಿಗೆಯೆಂದರೆ ಸುಡದೆ ಸಿಗುವ ಇಟ್ಟಿಗೆ. ನೆಲದೊಳಗೆ ಇರುವಾಗ ಕಡಿಯಲು ಬರುವಷ್ಟು ಮೆದು. ಗಾಳಿ ಬಿಸಿಲಿಗೆ ಒಡ್ಡಿದರೆ ಗಟ್ಟಿ. ಕೆಂಪು ಬಣ್ಣ ಅದರಲ್ಲಿರುವ ಕಬ್ಬಿಣದ ಆಕ್ಸೈಡಿನದು. 1800-01ರಲ್ಲಿ ನಮ್ಮ ಸೀಮೆಯನ್ನೂ ಸುತ್ತಿದ ಫ್ರಾನ್ಸಿಸ್ ಬುಕನನ್, 1807ರಲ್ಲಿ ಪ್ರಕಟವಾದ ತನ್ನ ಪ್ರವಾಸ ಗ್ರಂಥದಲ್ಲಿ ಇದನ್ನು ‘ಲ್ಯಾಟರೈಟ್’ ಎಂದು ಕರೆದ. ಲ್ಯಾಟಿನ್ನಿನಲ್ಲಿ ‘ಲೇಟರ್’ ಎಂದರೆ ಇಟ್ಟಿಗೆ. ನಮ್ಮವರಿಟ್ಟ ಹೆಸರಿನಲ್ಲಿಯೂ ಇಟ್ಟಿಗೆ ಇದೆಯಲ್ಲ!

ಈ ಕಲ್ಲಿನ ತುಂಬ ಸಣ್ಣ ರಂಧ್ರಗಳು. ದೀಪದ ಬತ್ತಿ ಎಣ್ಣೆ ಏರಿಸುವಂತೆ ಇದು ಬುಡದ ನೀರನ್ನು ಮೇಲೇರಿಸುತ್ತದೆ. ಮಣ್ಣಿನ ಗೋಡೆಯಂತೂ ನೆನೆದರೆ ಕುಸಿದೇ ಹೋಗಬಹುದು. ಆದ್ದರಿಂದ ತೊಟ್ಟಿಯ ನೀರು ನಿಲ್ಲದೆ ಹೊರಹೋಗಬೇಕು.

ಎಷ್ಟು ನೀರು? ಮಕ್ಕಳೇ, ಲೆಕ್ಕ ಹಾಕಿ. ತೊಟ್ಟಿಯೂ ಅದರತ್ತ ಇಳಿಯುವ ನಾಲ್ಕು ಕಡೆಯ ಮಾಡೂ ಸೇರಿ 100 ಚದರ ಮೀಟರ್ ಜಾಗವನ್ನು ಮುಚ್ಚಿದ್ದರೆ, 1 ಮಿಲಿಮೀಟರ್ ಮಳೆಗೆ 100 ಲೀಟರ್. ಆಷಾಢದಲ್ಲಿ ದಿನಕ್ಕೆ 100 ಮಿಲಿಮೀಟರ್ ಸುರಿಯುವುದು ಆಗುಂಬೆ, ಹುಲಿಕಲ್ಲಿನ ಕಡೆಯವರಿಗೆ ಸುದ್ದಿಯೇ ಅಲ್ಲ. ಅಂದರೆ 10,000 ಲೀಟರ್. 15 ಲೀಟರಿನ ಕೊಡದಲ್ಲಿ ಆರುನೂರಕ್ಕೂ ಮಿಕ್ಕಿ. ತೊಟ್ಟಿಯ ಮಧ್ಯೆ ಗೋಡೆ ಎದ್ದು, ಇದ್ದೊಂದು ಮೋರಿ ತಮ್ಮನ ಪಾಲಿಗೆ ಹೋದರೆ ಅಣ್ಣನ 5,000 ಲೀಟರ್ ಎಲ್ಲಿಗೆ ಹೋಗಬೇಕು?

ಬೆಳಕಿನ ಕಥೆಯೂ ಅಷ್ಟೇ. ಒಳಜಗಲಿಯಲ್ಲಿ ಕುಳಿತವರಿಗೆ ಕಾಣುವ ಆಕಾಶ ಗೋಡೆ ಎದ್ದಷ್ಟೂ ಕಿರಿದಾಗುತ್ತದೆ. ಸುಣ್ಣ ಬಳಿದರೆ ತುಸು ಬೆಳಕು ಮರಳೀತು. ಬಿಸಿಗಾಳಿ, ಒಲೆಯ ಹೊಗೆ ಮೇಲೇರಿ ಹೋಗುವ ದಾರಿಯೂ ಇಕ್ಕಟ್ಟಾಗುತ್ತದೆ. ಗೋಡೆಯಿಲ್ಲದ ತೊಟ್ಟಿಯಲ್ಲಿ ಬೆಳಕು ಹೇಗೆ ಹರಡುತ್ತದೆಂದು ತಿಳಿಯಲು ಕುಪ್ಪಳಿಯ ಕವಿಮನೆಗೆ ಹೋಗಿ, ಕಂಬಕ್ಕೊರಗಿ ಸ್ವಲ್ಪ ಹೊತ್ತು ಕುಳಿತುಕೊಳ್ಳಿ.

ನನ್ನನ್ನು ಕೇಳಿದರೆ ಕೋಣೆಗಳನ್ನಷ್ಟೇ ಹಂಚಿಕೊಂಡು ತೊಟ್ಟಿಯನ್ನು ಜಂಟಿಯಾಗಿ ಉಳಿಸಿಕೊಳ್ಳುವುದು ಲೇಸು. ಮನಸ್ಸು ಮುರಿದ ಮನೆಯಲ್ಲಿ ಇದು ಆಗದ ಮಾತಿರಬಹುದು. ಗೋಡೆ ಬೇಕೇಬೇಕೆಂದಾದರೆ ಅದರ ಬುಡದಲ್ಲಿ ನೀರಿಗೆ ಅಗಲವಾದ ಕಿಂಡಿ ಬಿಡಿ. ಆ ಕಿಂಡಿಯನ್ನೂ ಮೋರಿಯನ್ನೂ ಯಾರೂ ಮುಚ್ಚತಕ್ಕದ್ದಲ್ಲ, ಕೆಸರು ತೆಗೆಯುವ ಖರ್ಚು ಇಬ್ಬರದೂ ಎಂದು ಪಾಲುಪಟ್ಟಿಯಲ್ಲಿಯೇ ಬರೆಸಿ.